ಇಲ್ಲದ ಗಾಯಕಿಯ ಅಭಿಮಾನಿ

ವೊಕಲಾಯ್ಡ್ ಅಭಿಮಾನಿ ಎಂದರೆ ಗಂಟಲಿಲ್ಲದ ಗಾಯಕಿಗೆ ಮನಸೋತವನು. ಪಶ್ಚಿಮ ಬೆಂಗಳೂರಿನಲ್ಲಿ, ವಿಜಯನಗರಕ್ಕೆ ಅಂಟಿಕೊಂಡ ಮಾರೇನಹಳ್ಳಿಯಂಥ ಕಡೆ, ಈ ಜಾತಿ ವಿರಳ. ಆದರೆ ಗುರುತಿಸುವುದು ಸುಲಭ. ವಯಸ್ಸು ಹದಿನೇಳರಿಂದ ಮೂವತ್ತರೊಳಗೆ. ಇಂಜಿನಿಯರಿಂಗ್ ಓದುತ್ತಿರುತ್ತಾನೆ, ಇಲ್ಲವೇ ಓದಿ ಮುಗಿಸಿ, ಓದಿದ್ದೆಲ್ಲ ಬೇಡವಾದ ಕೆಲಸದಲ್ಲಿರುತ್ತಾನೆ. ಹೆಣ್ಣುಮಕ್ಕಳೂ ಇದ್ದಾರೆ, ಮನೆಯವರಿಂದ ಸಂಗತಿ ಮುಚ್ಚಿಡುವುದರಲ್ಲಿ ಅವರು ಹೆಚ್ಚು ಜಾಣೆಯರಾದ್ದರಿಂದ ಈ ವಿವರಣೆ ಗಂಡು ಮಾದರಿಯನ್ನು ಆಧರಿಸಿದೆ. ಅವನ ಬ್ಯಾಗಿನ ಜಿಪ್ಪಿನಿಂದ ನೀಲಿಯೂ ಅಲ್ಲದ, ಹಸಿರೂ ಅಲ್ಲದ ಬಣ್ಣದ ಎರಡು ಉದ್ದ ಜಡೆಯ ಗೊಂಬೆಯೊಂದು ನೇತಾಡುತ್ತಿರುತ್ತದೆ. ನೆಂಟರು ಕೇಳಿದರೆ ತಾಯಿ, “ಯಾವುದೋ ಕಾರ್ಟೂನು” ಎಂದು ಮಾತು ಮುಗಿಸಲು ನೋಡುತ್ತಾಳೆ. ಮಗ ಒಳಗಿನಿಂದ ಬಂದು, “ಕಾರ್ಟೂನಲ್ಲ, ಸಾಫ್ಟ್‌ವೇರ್” ಎನ್ನುತ್ತಾನೆ. ಅಲ್ಲಿಗೆ ವಿಷಯ ಇನ್ನಷ್ಟು ಕೆಡುತ್ತದೆ.

ಆ ಗೊಂಬೆಯ ಹೆಸರು ಹಾತ್ಸುನೆ ಮಿಕು. ಹುಟ್ಟಿದ್ದು 2007ರ ಆಗಸ್ಟ್ 31ರಂದು, ಜಪಾನಿನ ಸಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಕಂಪನಿಯಲ್ಲಿ; ಹುಟ್ಟಿದಾಗಿನ ಬೆಲೆ 15,750 ಯೆನ್. ಪ್ರಾಯ 16, ಎತ್ತರ 158 ಸೆಂಟಿಮೀಟರ್, ತೂಕ 42 ಕಿಲೋ. ಈ ಅಂಕಿಗಳು ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ. ಅಭಿಮಾನಿಯ ತೂಕದ ಬಗ್ಗೆ ಈ ಮಾತು ಹೇಳುವಂತಿಲ್ಲ. ಅವಳನ್ನು ಹಾಡಿಸುವ ವೊಕಲಾಯ್ಡ್ ತಂತ್ರವನ್ನು ರೂಪಿಸಿದ್ದು ಯಮಹಾ ಕಂಪನಿ. ಬೈಕಿನ ಯಮಹಾವೇ? ಮೂಲ ಒಂದೇ. ಆರ್‌ಎಕ್ಸ್ 100 ಓಡಿಸಿ ಬೆಳೆದ ಮಾವಂದಿರು ಮಿಕುವಿಗೆ ತೋರಿಸುವ ಗೌರವವೆಲ್ಲ ಈ ಒಂದು ಸಂಗತಿಯಿಂದ ಬಂದದ್ದು.

ತಂತ್ರದ ತಿರುಳು ಕಷ್ಟದ್ದಲ್ಲ. ಮನುಷ್ಯರೊಬ್ಬರು ಸ್ಟುಡಿಯೋದಲ್ಲಿ ಕೂತು ಅರ್ಥವಿಲ್ಲದ ಉಚ್ಚಾರಗಳನ್ನು ಬೇರೆ ಬೇರೆ ಸ್ಥಾಯಿಯಲ್ಲಿ ಹೇಳುತ್ತಾರೆ. ಮಿಕುವಿಗೆ ಹಾಗೆ ದನಿ ಕೊಟ್ಟವರು ಫುಜಿತಾ ಸಾಕಿ ಎಂಬ ಕಂಠದಾನ ಕಲಾವಿದೆ. ಆ ದನಿಯನ್ನು ಒಂದು ಧ್ವನಿಯಿಂದ ಇನ್ನೊಂದಕ್ಕೆ ಜಾರುವ ತುಣುಕುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ಹಾಡು ಕಟ್ಟುವವನು ಪರದೆಯ ಮೇಲೆ ಪಿಯಾನೋ ಮನೆಗಳ ಎದುರು ಸ್ವರಗಳನ್ನು ಉದ್ದುದ್ದ ಪಟ್ಟಿಗಳಾಗಿ ಎಳೆದು, ಪ್ರತಿ ಪಟ್ಟಿಯ ಮೇಲೆ ಒಂದೊಂದು ಅಕ್ಷರ ಬರೆದರೆ ಯಂತ್ರ ತುಣುಕುಗಳನ್ನು ಬೆಸೆದು ಹಾಡುತ್ತದೆ. ಜಪಾನಿ ಭಾಷೆಗೆ ಪ್ರತಿ ಸ್ಥಾಯಿಗೂ ಸುಮಾರು 500 ತುಣುಕು ಸಾಕು, ಇಂಗ್ಲಿಷಿಗೆ ಸುಮಾರು 2,500 ಬೇಕು. ಜಪಾನಿ ಅಕ್ಷರಗಳು ಬಹುಮಟ್ಟಿಗೆ ಸ್ವರದಲ್ಲೇ ಕೊನೆಯಾಗುವುದು ಇದಕ್ಕೆ ಕಾರಣ. ಈ ಅಂಕಿ ತಿಳಿದ ದಿನ ಮಾರೇನಹಳ್ಳಿಯ ಅಭಿಮಾನಿಯ ತಲೆಯಲ್ಲಿ ಒಂದು ಯೋಚನೆ ಹುಟ್ಟುತ್ತದೆ: ಕನ್ನಡವೂ ಸ್ವರಾಂತ ಭಾಷೆಯೇ ಅಲ್ಲವೇ? ಅದರ ಪರಿಣಾಮಗಳನ್ನು ಮುಂದೆ ಹೇಳಲಾಗುವುದು.

ಅಭಿಮಾನಿಯ ದಿನಚರಿಯಲ್ಲಿ ಹಾಡು ಕೇಳುವುದಕ್ಕಿಂತ ಹಾಡಿನ ಬಗ್ಗೆ ವಿವರಿಸುವುದಕ್ಕೆ ಹೆಚ್ಚು ಸಮಯ ಹೋಗುತ್ತದೆ. ಇದು ಹವ್ಯಾಸದ ದೋಷವಲ್ಲ, ಬಡಾವಣೆಯ ಪರಿಸ್ಥಿತಿ. ಇಪ್ಪತ್ತು–ಮೂವತ್ತರ ಸೈಟಿನಲ್ಲಿ ಎದ್ದ ಮೂರಂತಸ್ತಿನ ಮನೆಗಳ ಗೋಡೆಗೂ ಗೋಡೆಗೂ ನಡುವೆ ಗಾಳಿಗೇ ಜಾಗವಿಲ್ಲ. ಸ್ಪೀಕರ್ ಹಾಕಿದರೆ ಮೂರು ಮನೆಗೆ ಕೇಳುತ್ತದೆ. ಒಮ್ಮೆ ಕೇಳಿದ ಪಕ್ಕದ ಮನೆಯಾಕೆ, “ಅದೇನಪ್ಪಾ, ಕಿವಿ ಹತ್ರ ಸೊಳ್ಳೆ ಹಾಡ್ದಂಗಿದೆ” ಎಂದ ಮೇಲೆ ಅವನು ಹೆಡ್‌ಫೋನಿಗೆ ಶರಣಾಗುತ್ತಾನೆ. ನಿಷ್ಪಕ್ಷಪಾತವಾಗಿ ನೋಡಿದರೆ ಆಕೆಯ ಟೀಕೆಯಲ್ಲಿ ಹುರುಳಿದೆ. ಮಿಕುವಿನ ತಾರಸ್ಥಾಯಿ ತೆಳ್ಳಗಿನದು, ಉಸಿರಿಗಾಗಿ ಎಲ್ಲೂ ನಿಲ್ಲದ್ದು. ಅವಳು ಹಾಡುವ ಕೆಲವು ಹಾಡುಗಳ ವೇಗಕ್ಕೆ ಮನುಷ್ಯರ ನಾಲಿಗೆ ತಡವರಿಸುತ್ತದೆ. ಅಭಿಮಾನಿ ಮೆಚ್ಚುವುದು ಅದನ್ನೇ.

ಮನೆಯೊಳಗಿನ ವಾದವು ಸಾಮಾನ್ಯವಾಗಿ ತಂದೆಯ ಜೊತೆ ನಡೆಯುತ್ತದೆ. ತಂದೆ ನಿವೃತ್ತಿಯ ನಂತರ ಕರ್ನಾಟಕ ಸಂಗೀತ ಕಲಿಯಲು ಹೊರಟವರು. ಬೆಳಗ್ಗೆ ಸಾಧನೆಗೆ ಕೂರುವಾಗ ಗೋಡೆಯ ಪ್ಲಗ್ಗಿಗೆ ಎಲೆಕ್ಟ್ರಾನಿಕ್ ತಂಬೂರಿ ಸಿಕ್ಕಿಸುತ್ತಾರೆ. ಅದು ಬೆಂಗಳೂರಿನ ರೇಡೆಲ್ ಕಂಪನಿ ಕಟ್ಟಿದ ಕೊಳಲುವಾದಕ, ಇಂಜಿನಿಯರ್ ಜಿ. ರಾಜ್ ನಾರಾಯಣ್ ಮನೆಮನೆಗೆ ತಲುಪಿಸಿದ ಉಪಕರಣ. ತಂತಿಯಿಲ್ಲದ ಪೆಟ್ಟಿಗೆಯಿಂದ ತಂತಿಯ ನಾದ ಕೇಳುತ್ತಾ ಅವರು ಮಗನಿಗೆ, “ಯಂತ್ರಕ್ಕೆ ಭಾವ ಇರತ್ತೇನೋ?” ಎನ್ನುತ್ತಾರೆ. ಮಗ ಪೆಟ್ಟಿಗೆಯತ್ತ ಒಮ್ಮೆ ನೋಡುತ್ತಾನೆ. ಕರೆಂಟು ಹೋದಾಗ ತಂಬೂರಿಯೂ ಮಿಕುವೂ ಒಟ್ಟಿಗೆ ನಿಲ್ಲುತ್ತವೆ. ಮನೆಯಲ್ಲಿ ತಾಯಿಗೆ ಹಿತವಾದ ಸಂಗೀತ ಅದೊಂದೇ.

ಮಗನ ಬಳಿ ಇನ್ನೂ ಗಟ್ಟಿಯಾದ ವಾದವೊಂದು ಇರುತ್ತದೆ. ತಂದೆಯ ತಲೆಮಾರಿನವರು ಕಣ್ಣೀರಿಟ್ಟು ಕೇಳಿದ ರಾಜ್‌ಕುಮಾರ್ ಹಾಡುಗಳಲ್ಲಿ ಬಹುಪಾಲು ಪಿ.ಬಿ. ಶ್ರೀನಿವಾಸ್ ದನಿಯಲ್ಲಿದ್ದವು; 1974ರ ‘ಸಂಪತ್ತಿಗೆ ಸವಾಲ್’ ಬಳಿಕವಷ್ಟೇ ರಾಜ್ ತಮಗೆ ತಾವೇ ಹಾಡುವುದು ರೂಢಿಯಾಯಿತು. ಮುಖ ಒಬ್ಬರದು, ದನಿ ಇನ್ನೊಬ್ಬರದು ಎಂಬುದನ್ನು ಕನ್ನಡಿಗರು ಎಂದೋ ಒಪ್ಪಿದ್ದಾರೆ, ಮಿಕು ಅದರ ಮುಂದಿನ ಹೆಜ್ಜೆ ಎಂದು ಅವನು ಹೇಳುತ್ತಾನೆ. “ಅಲ್ಲಿ ಇಬ್ಬರಿದ್ರು ಕಣೋ. ಇಲ್ಲಿ ಒಬ್ಬಳೂ ಇಲ್ಲ!” ಎನ್ನುವುದು ತಂದೆಯ ಉತ್ತರ. ಮಗ ಬೆರಳು ಮಡಚುತ್ತಾನೆ: ದನಿ ಕೊಟ್ಟವರು ಒಬ್ಬರು, ಚಿತ್ರ ಬರೆದವರು ಕೇಯಿ, ಹಾಡು ಕಟ್ಟಿದವರು, ದನಿಯನ್ನು ತಿದ್ದಿದವರು, ವಿಡಿಯೋ ಮಾಡಿದವರು. ಇಲ್ಲದವಳ ಹಿಂದೆ ಇಷ್ಟೊಂದು ಜನ ಇರುವುದು ನಿಜ, ಈ ಲೆಕ್ಕದಲ್ಲಿ ಮಗನೇ ಗೆಲ್ಲುತ್ತಾನೆ. 2011ರಲ್ಲಿ ಕುರೋಉಸಾ-ಪಿ ಎಂಬ ಹವ್ಯಾಸಿ ಹೆಸರಿನಲ್ಲಿ ಬಂದ ‘ಸೆನ್ಬೊನ್‌ಝಕುರಾ’ ಹಾಡು ಜಪಾನಿನಾದ್ಯಂತ ಬಾಯಿಪಾಠವಾಯಿತು. ‘ಹಾಚಿ’ ಎಂಬ ಹೆಸರಿನಲ್ಲಿ ಮಿಕುವಿಗೆ ಹಾಡು ಬರೆಯುತ್ತಿದ್ದ ಹುಡುಗ ಕೆನ್ಶಿ ಯೊನೆಝು ಮುಂದೆ ಸ್ವಂತ ದನಿಯಲ್ಲಿ ಹಾಡಿ ದೊಡ್ಡ ತಾರೆಯಾದ. ಗೆದ್ದರೂ ಮಗನಿಗೆ ಕಾಫಿ ತಣ್ಣಗಾದದ್ದೇ ಸಿಗುತ್ತದೆ.

ಸಾರ್ವಜನಿಕ ಜೀವನದಲ್ಲಿ ಈ ವ್ಯಕ್ತಿಯ ಏಕೈಕ ಸಾಹಸ ರಾಜ್ಯೋತ್ಸವ ಸಮಿತಿಯ ಮುಂದೆ ನಡೆಯುತ್ತದೆ. ಗಣೇಶ, ಅಣ್ಣಮ್ಮ, ರಾಜ್ಯೋತ್ಸವ ಯಾವುದಿದ್ದರೂ ಬೀದಿಗೆ ಅಡ್ಡಲಾಗಿ ಪೆಂಡಾಲ್ ಹಾಕಿ ರಸಮಂಜರಿ ಏರ್ಪಡಿಸುವುದು ಈ ಭಾಗದ ರೂಢಿ. ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್ ಬಂದು ಕುಣಿಯುವ ವೇದಿಕೆಗೆ ಮಿಕುವನ್ನೂ ತರಬಹುದೆಂದು ಅವನು ಸೂಚಿಸುತ್ತಾನೆ. ಪಾರದರ್ಶಕ ಪರದೆಯ ಮೇಲೆ ಹಿಂದಿನಿಂದ ಚಿತ್ರ ಬಿಟ್ಟರೆ ಅವಳು ವೇದಿಕೆಯಲ್ಲೇ ನಿಂತು ಕುಣಿದಂತೆ ಕಾಣುತ್ತದೆ, ಅಕ್ಕಪಕ್ಕ ಡ್ರಮ್ಮು ಗಿಟಾರು ಬಾರಿಸುವವರು ನಿಜವಾದ ಮನುಷ್ಯರೇ, ಇದು ಹಾಲೊಗ್ರಾಮ್ ಅಲ್ಲವೇ ಅಲ್ಲ ಎಂದು ಯಾರೂ ಕೇಳದಿದ್ದರೂ ತಿದ್ದುತ್ತಾನೆ. 2014ರಲ್ಲಿ ಲೇಡಿ ಗಾಗಾ ಕಛೇರಿಗೆ ಮುಂಚೆ ಅವಳು ಹಾಡಿದ್ದಾಳೆ, ಅದೇ ವರ್ಷ ಜಕಾರ್ತಾಕ್ಕೆ ಬಂದಿದ್ದಾಳೆ ಎಂಬುದನ್ನೂ ಸೇರಿಸುತ್ತಾನೆ. ಸಮಿತಿಯ ಖಜಾಂಚಿಗೆ ಮೊದಲು ಇಷ್ಟವಾಗುವುದು ಗಾಯಕಿಗೆ ಊಟ, ವಸತಿ, ಶಾಲು ಬೇಕಿಲ್ಲ ಎಂಬ ಅಂಶ. ಅಷ್ಟರಲ್ಲಿ ಅಧ್ಯಕ್ಷರು ಕೇಳುತ್ತಾರೆ: “ಕನ್ನಡ ಹಾಡು ಹೇಳ್ತಾಳಾ?”

ಹೇಳಿಸಲು ಅವನು ಹಲವು ರಾತ್ರಿ ಕೂರುತ್ತಾನೆ. ಸ್ವರಾಂತದ ಸಿದ್ಧಾಂತ ಅರ್ಧ ಮಾತ್ರ ಕೈಹಿಡಿಯುತ್ತದೆ. ಜಪಾನಿಯಲ್ಲಿ ರ, ಲ ಎಂಬ ಭೇದವಿಲ್ಲ, ಳ ಇಲ್ಲ, ಣ ಇಲ್ಲ, ಮೂರ್ಧನ್ಯ ಟ ಡ ಇಲ್ಲ, ಮಹಾಪ್ರಾಣ ಇಲ್ಲ. ಮಾರೇನಹಳ್ಳಿ ‘ಮಾರೇನಹರ್ರಿ’ ಆಗುತ್ತದೆ, ಹೊಸಹಳ್ಳಿ ‘ಹೊಸಹರ್ರಿ’. ಪಕ್ಕದ ಮೆಟ್ರೊ ನಿಲ್ದಾಣದ ಪೂರ್ಣ ನಾಮಧೇಯವಾದ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿ ನಿಲ್ದಾಣ, ಹೊಸಹಳ್ಳಿ ಎಂಬ ಹತ್ತೊಂಬತ್ತು ಅಕ್ಷರಗಳಿಗೆ ಅವನು ಹತ್ತೊಂಬತ್ತು ಸ್ವರ ಕೂರಿಸಿರುತ್ತಾನೆ. ಉಚ್ಚಾರ ಕೆಟ್ಟು ಸ್ವಾಮೀಜಿಯವರ ಹೆಸರಿಗೆ ಅಪಚಾರವಾದೀತೆಂದು ಹೆದರಿ ಕಡತವನ್ನು ಅಳಿಸುತ್ತಾನೆ. ಸಮಿತಿಗೆ ಕೇಳಿಸಿದ ಮಾದರಿಯಲ್ಲಿ ಅವಳು ‘ಕನ್ನಡ’ವನ್ನು ‘ಕನ್ನದ’ ಎಂದುಬಿಟ್ಟ ಮೇಲೆ ಖಜಾಂಚಿ ಉಳಿತಾಯದ ಮೋಹ ಬಿಡುತ್ತಾನೆ. ಆ ವರ್ಷವೂ ಜೂನಿಯರ್ ವಿಷ್ಣುವರ್ಧನ್ ಬರುತ್ತಾರೆ.

ವೊಕಲಾಯ್ಡ್ ಕಲಿತ ಭಾಷೆಗಳು ಜಪಾನಿ, ಇಂಗ್ಲಿಷ್, ಕೊರಿಯನ್, ಸ್ಪ್ಯಾನಿಷ್, ಚೀನೀ. ಕನ್ನಡವನ್ನು ಕಂಪನಿ ಕಲಿಸುವವರೆಗೆ ಕಾಯಲಾರದ ಅಭಿಮಾನಿ ಯುಟಾವ್‌ಗೆ ಬರುತ್ತಾನೆ. ಇದು 2008ರಲ್ಲಿ ಹೊರಬಂದ ಪುಕ್ಕಟೆ ತಂತ್ರಾಂಶ. ಯಾರು ಬೇಕಾದರೂ ತಮ್ಮದೇ ದನಿ ಧ್ವನಿಮುದ್ರಿಸಿ ಗಾಯಕಿಯನ್ನು ತಯಾರಿಸಬಹುದು. ಅದೇ ವರ್ಷ ಏಪ್ರಿಲ್ ಒಂದರ ತಮಾಷೆಗೆಂದು ಹುಟ್ಟಿಸಿದ ಕಸಾನೆ ತೆತೊ ಎಂಬ ಸುಳ್ಳು ಗಾಯಕಿ ಇದೇ ದಾರಿಯಲ್ಲಿ ನಿಜವಾದ ಸುಳ್ಳು ಗಾಯಕಿಯಾದಳು. ಧ್ವನಿಮುದ್ರಿಸಬೇಕಾದ್ದು ಒಂದೊಂದೇ ಅಕ್ಷರ. ಪಟ್ಟಿ ನೋಡಿದ ಕನ್ನಡಿಗನಿಗೆ ಅದು ಕಾಗುಣಿತವೆಂದು ತಕ್ಷಣ ಗೊತ್ತಾಗುತ್ತದೆ. 34 ವ್ಯಂಜನ, 5 ಹ್ರಸ್ವ ಸ್ವರ, ಒಟ್ಟು 170 ತುಣುಕು. ದೀರ್ಘ ಬೇಕಾದಲ್ಲಿ ಸ್ವರವನ್ನು ಎಳೆದರಾಯಿತು. ತಂಗಿ ವ್ಯಂಜನಕ್ಕೆ ಇಷ್ಟೆಂದು ದುಡ್ಡು ಕೇಳುವುದರಿಂದ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿಯಾದ ದೊಡ್ಡಮ್ಮನೇ ಗತಿ. ಆಕೆ ಮೂವತ್ತು ವರ್ಷ ಇದನ್ನೇ ಹೇಳಿಕೊಟ್ಟವಳು, ‘ಳ’ ಎಂದರೆ ಅದು ‘ಳ’ವೇ. ಮೈಕಿನ ಮುಂದೆ ಕ, ಕಿ, ಕು ಎನ್ನುತ್ತಾ ಕೂತ ಆಕೆಯ ದನಿ ಕಿಟಕಿಯಾಚೆ ಕೇಳಿ ಎದುರು ಮನೆಯವರು ಟ್ಯೂಷನ್ ಶುರುವಾಯಿತೆಂದು ಭಾವಿಸುತ್ತಾರೆ. ಮೂರನೆಯ ದಿನ ಎರಡು ಮಕ್ಕಳು ಸ್ಲೇಟು ಹಿಡಿದು ಬಂದು ಕೂತಿರುತ್ತವೆ, ದೊಡ್ಡಮ್ಮ ಕಳಿಸುವುದಿಲ್ಲ.

ಧ್ವನಿಮುದ್ರಣಕ್ಕೆ ನಿಶ್ಶಬ್ದ ಬೇಕು, ಮಾರೇನಹಳ್ಳಿಯಲ್ಲಿ ಅದು ಯಾವ ಹೊತ್ತಿನಲ್ಲೂ ದೊರೆಯುವುದಿಲ್ಲ. ಹಾಗಾಗಿ ಸಿದ್ಧವಾದ ಕನ್ನಡ ಗಾಯಕಿ ‘ಪೊ’ ಎಂದಾಗಲೆಲ್ಲ ದೂರದಲ್ಲಿ ಸೊಪ್ಪಿನವನು ಕೂಗುತ್ತಾನೆ, ‘ತು’ ಎಂದಾಗ ಕುಕ್ಕರ್ ಒಂದು ಸೀಟಿ ಹಾಕುತ್ತದೆ, ‘ಮಿ’ಯ ತುದಿಯಲ್ಲಿ ಎದುರು ಮನೆಯ ಮಗು ಪೆನ್ಸಿಲ್ ಕೇಳುತ್ತದೆ. ಅಭಿಮಾನಿ ಇದನ್ನು ತಿದ್ದುವುದಿಲ್ಲ. ಸಂಗೀತದ ದೃಷ್ಟಿಯಿಂದ ತಿದ್ದಬೇಕಿತ್ತು. ಆದರೆ ಇಷ್ಟು ಸ್ಥಳೀಯವಾದ ಗಾಯಕಿ ಜಗತ್ತಿನಲ್ಲಿ ಇನ್ನೊಬ್ಬಳಿಲ್ಲ ಎಂಬ ಅವನ ವಾದವನ್ನು ಅಲ್ಲಗಳೆಯುವುದೂ ಕಷ್ಟ.

ಅವನ ಪಂಚಾಂಗದಲ್ಲಿ ಎರಡು ಹಬ್ಬಗಳಿವೆ. ಒಂದು ಆಗಸ್ಟ್ 31ರ ಹುಟ್ಟುಹಬ್ಬ. ಇನ್ನೊಂದು ಮಾರ್ಚ್ 9. ಮೂರಕ್ಕೆ ಮಿ, ಒಂಬತ್ತಕ್ಕೆ ಕು ಎಂದು ಓದುವ ಜಪಾನಿನ ಲೆಕ್ಕದಿಂದ ಬಂದದ್ದು. ಎರಡೂ ದಿನ ವಿಜಯನಗರದ ತರಕಾರಿ ಅಂಗಡಿಯಿಂದ ಒಂದು ಕಂತೆ ಈರುಳ್ಳಿ ಸೊಪ್ಪು ತರುತ್ತಾನೆ. 2007ರ ಒಂದು ತಮಾಷೆಯ ವಿಡಿಯೋದಲ್ಲಿ ಮಿಕು ಅದೇ ಜಾತಿಯ ಗಿಡ ಬೀಸುತ್ತಾ ಫಿನ್ಲೆಂಡಿನ ಜಾನಪದ ಹಾಡು ಹೇಳಿದ್ದಳು, ಅಂದಿನಿಂದ ಅದು ಅವಳ ಲಾಂಛನ. ಗೊಂಬೆಯ ಮುಂದೆ ಇಟ್ಟು ಫೋಟೊ ತೆಗೆದ ಮೇಲೆ ತಾಯಿ ಪಲ್ಯ ಮಾಡುತ್ತಾಳೆ. ವರ್ಷಕ್ಕೆರಡು ಸಲ ತಾನಾಗಿ ತರಕಾರಿ ತರುವ ಮಗನ ಬಗ್ಗೆ ಆಕೆಗೆ ತಕರಾರಿಲ್ಲ.

ಕಾಮಿಕ್ ಕಾನ್ ಬಂದರೆ ಅವನು ನೇರಳೆ ಮಾರ್ಗದ ಮೆಟ್ರೊ ಹತ್ತಿ ವೈಟ್‌ಫೀಲ್ಡ್ ಕಡೆಗೆ ಹೋಗುತ್ತಾನೆ. ಎರಡು ಜಡೆಯ ವಿಗ್ಗನ್ನು ಮೆಜೆಸ್ಟಿಕ್ ದಾಟಿದ ಮೇಲೆ ಹಾಕಿಕೊಳ್ಳುತ್ತಾನೆ. ಅದಕ್ಕೂ ಮುಂಚೆ ಗುರುತಿನವರು ಹತ್ತುವ ಅಪಾಯವಿದೆ. ದಾರಿಯುದ್ದಕ್ಕೂ ನಿಲ್ದಾಣಗಳ ಹೆಸರು ಹೇಳುವ ಅಪರ್ಣಾ ಅವರ ದನಿಯನ್ನು ಅವನಷ್ಟು ಗಮನವಿಟ್ಟು ಕೇಳುವ ಪ್ರಯಾಣಿಕ ಇನ್ನೊಬ್ಬನಿಲ್ಲ. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ, ಮುದ್ರಿತ ದನಿ ಮನುಷ್ಯರಿಗಿಂತ ಹೆಚ್ಚು ಕಾಲ ಕೆಲಸಕ್ಕೆ ಬರುತ್ತದೆ ಎಂಬುದನ್ನು ಊರಿಗೆಲ್ಲ ಹೇಳಬೇಕಾಗಿ ಬರಲಿಲ್ಲ.

ಈ ಸಮುದಾಯದೊಳಗೂ ಮಡಿವಂತಿಕೆಯಿದೆ. ಇತ್ತೀಚೆಗೆ ಕೃತಕ ಬುದ್ಧಿಮತ್ತೆ ಬಳಸುವ ಸಿಂಥಸೈಜರ್ ವಿ ಮೊದಲಾದ ತಂತ್ರಾಂಶಗಳು ಬಂದಿವೆ. ಇವು ಉಸಿರು ಎಳೆದುಕೊಳ್ಳುವ ಸದ್ದಿನ ಸಮೇತ ಹಾಡುತ್ತವೆ, ಕಣ್ಣು ಮುಚ್ಚಿ ಕೇಳಿದರೆ ಯಂತ್ರವೆಂದು ಹೇಳಲಾಗದು. ಹಳೆಯ ಅಭಿಮಾನಿಗೆ ಇದು ಸಹಿಸದು. “ಮನುಷ್ಯರ ಥರಾನೇ ಹಾಡ್ಬೇಕು ಅಂದ್ರೆ ಮನುಷ್ಯರೇ ಇದಾರಲ್ಲ” ಎನ್ನುತ್ತಾನೆ. ಅವನಿಗೆ ಬೇಕಾದ್ದು ಬೆಸುಗೆ ಕಾಣುವ ದನಿ, ಗಂಟೆಗಟ್ಟಲೆ ಕೂತು ಒಂದೊಂದು ಅಕ್ಷರದ ಗಮಕ ತಿದ್ದಿದವರ ಕೈಗುರುತು ಉಳಿದ ದನಿ.

ಇವನಿಗಿಂತ ಕಿರಿಯರಾದ ಹೈಸ್ಕೂಲಿನವರು ‘ಕಲರ್‌ಫುಲ್ ಸ್ಟೇಜ್’ ಎಂಬ ಮೊಬೈಲ್ ಆಟದಿಂದ ಮಿಕುವಿನ ಬಳಿಗೆ ಬಂದವರು. ಹಾಡುಗಳು ಅವರಿಗೆ ಬೆರಳ ತುದಿಯಲ್ಲಿ ಗೊತ್ತು, ಹೆಸರುಗಳು ಗೊತ್ತಿಲ್ಲ. ಸಂಜೆ ಬೇಕರಿಯ ಮುಂದೆ ಸಿಕ್ಕರೆ ಅವನು ಅವರಿಗೆ 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಐಬಿಎಂ ಕಂಪ್ಯೂಟರ್ ಹಾಡಿದ್ದರಿಂದ ಶುರುಮಾಡಿ, 2004ರಲ್ಲಿ ಬಂದ ಮೊದಲ ವೊಕಲಾಯ್ಡ್‌ಗಳಾದ ಲಿಯಾನ್ ಮತ್ತು ಲೋಲಾ ಯಾಕೆ ಸೋತರು ಎಂಬವರೆಗೆ ವಿವರಿಸುತ್ತಾನೆ. ಪಫ್ಸ್ ಮುಗಿಯುವ ತನಕ ಹುಡುಗರು ನಿಂತು ಕೇಳುತ್ತಾರೆ. ಹೆಚ್ಚು ಗೌರವವಿರುವವನು ಒಂದು ಕಿವಿಯ ಇಯರ್‌ಫೋನ್ ತೆಗೆದಿರುತ್ತಾನೆ.