ಗೃಹೋಪಯೋಗಿ ಅಭಿಪ್ರಾಯ: ಬಳಕೆಯ ಕೈಪಿಡಿ

ಹೊಸ ಅಭಿಪ್ರಾಯ ಪಡೆದ ತಮಗೆ ಅಭಿನಂದನೆಗಳು. ಇದಕ್ಕೆ ಕರೆಂಟ್ ಬೇಡ, ಗ್ಯಾಸ್ ಬೇಡ, ತಿಂಗಳ ಕಂತೂ ಇಲ್ಲ. ಬಳಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಓದದೆಯೇ ಬಳಸುವುದು ರೂಢಿಯಲ್ಲಿದೆ, ಅದಕ್ಕೂ ಅಡ್ಡಿಯಿಲ್ಲ.

1. ಎಲ್ಲಿ ಇಡಬೇಕು

ದರ್ಶಿನಿಯ ಸ್ಟೀಲ್ ಮೇಜಿಗಿಂತ ಪ್ರಶಸ್ತವಾದ ಜಾಗವಿಲ್ಲ. ಮೊಣಕೈಗೆ ಆಸರೆ, ಕೈಯಲ್ಲಿ ಬೈಟೂ ಕಾಫಿ, ಎದುರಿಗೊಬ್ಬ ಗುರುತಿಲ್ಲದ ಮನುಷ್ಯ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ, ಜನ ನಿಂತೇ ತಿಂದು ಬೇಗ ಹೊರಡಲಿ ಎಂಬ ಲೆಕ್ಕವಿತ್ತು. ತಿನ್ನುವುದು ಬೇಗ ಮುಗಿಯಿತು. ಮಿಕ್ಕ ಹೊತ್ತು ಅಭಿಪ್ರಾಯದ ಪಾಲಾಯಿತು. ಮದುವೆ ಊಟದ ಪಂಕ್ತಿಯಲ್ಲೂ ಬಳಸಬಹುದು, ಪಕ್ಕದವರಿಗೆ ಎದ್ದು ಹೋಗಲು ಆಗುವುದಿಲ್ಲ. ಕಟಿಂಗ್ ಶಾಪಿನಲ್ಲಿ ಮಾತ್ರ ಎಚ್ಚರ: ಕತ್ತಿನ ಮೇಲೆ ಕತ್ತಿ ಇರುವಷ್ಟು ಹೊತ್ತು ಕ್ಷೌರಿಕರ ಅಭಿಪ್ರಾಯವೇ ನಿಮ್ಮದು.

2. ಸಿನಿಮಾ ಗುಂಡಿ

ಮೊದಲ ನಿಯಮ: ಸಿನಿಮಾ ನೋಡಬೇಡಿ. ನೋಡಿದರೆ ಮಾತು ನಿಧಾನವಾಗುತ್ತದೆ. 'ಕನ್ನಡದಲ್ಲಿ ಈಗೆಲ್ಲಿ ಸಾರ್ ಒಳ್ಳೆ ಪಿಕ್ಚರ್?' ಎಂದು ಆರಂಭಿಸಿ. ಎದುರಿನವರು 'ಕೆಜಿಎಫ್' ಅಂದರೆ 'ಬರೀ ಹೊಡೆದಾಟ' ಅನ್ನಿ. 'ಕಾಂತಾರ' ಅಂದರೆ 'ಅದೊಂದು ಬಿಡಿ' ಅನ್ನಿ. ಮೂರನೆಯ ಹೆಸರು ಬರುವಷ್ಟರಲ್ಲಿ ಟಿಕೆಟ್ ದರಕ್ಕೆ ಜಿಗಿಯಿರಿ.

ಇಲ್ಲಿ ಯಂತ್ರ ಎರಡೂ ದಿಕ್ಕಿಗೆ ತಿರುಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ, ತೆರಿಗೆ ಬಿಟ್ಟು ಟಿಕೆಟ್ 200 ರೂಪಾಯಿ ಮೀರಕೂಡದು ಎಂದು ರಾಜ್ಯ ಸರ್ಕಾರ ನಿಯಮ ತಂದಿತು. ಆಗ ನೀವು, 'ಇನ್ನು ನೋಡಿ, ವಾರವಾರ ಹೋಗ್ತೀವಿ' ಎಂದಿರಿ. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. 'ಅದಕ್ಕೇ ನಾವು ಹೋಗೋದೇ ಇಲ್ಲ' ಎಂದಿರಿ. ಎರಡೂ ಸಲ ಸೋಫಾ ಬಿಟ್ಟು ಏಳಬೇಕಾಗಲಿಲ್ಲ.

3. ಬೆಲೆ ಗುಂಡಿ

2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್‌ಗೆ 50 ಮಿಲಿ ಹಾಲೂ ಸೇರಿತು, 2 ರೂಪಾಯಿಯೂ ಸೇರಿತು. 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿತು. ಆ 50 ಮಿಲಿ ಬಂದ ದಾರಿಯಲ್ಲೇ ಹೋಯಿತು. ಎರಡು ಸಲವೂ ಬೈಯಲು ನಿಮಗೆ ಪೂರ್ಣ ಹಕ್ಕಿದೆ.

ಆದರೆ ಸುರಕ್ಷತೆಯ ದೃಷ್ಟಿಯಿಂದ ಒಂದು ಮಾತು. ನಿಮ್ಮ ಮನೆಯಲ್ಲಿ 'ರೈತನೇ ದೇಶದ ಬೆನ್ನೆಲುಬು' ಎಂಬ ಹಳೆಯ ಮಾಡೆಲ್ ಈಗಾಗಲೇ ಇದೆ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಹಾಲು ತರುತ್ತೇನೆಂದಾಗ ಕೊಂಡ 'ನಂದಿನಿ ಉಳಿಸಿ' ಮಾಡೆಲ್ ಕೂಡ ಅಟ್ಟದ ಮೇಲಿದೆ. ಅವೆರಡನ್ನೂ 'ಹಾಲಿಗೆ ಇಷ್ಟೊಂದಾ?' ಎಂಬುದನ್ನೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ.

ಮೂಲೆಯಂಗಡಿ ಶೆಟ್ಟರ ವ್ಯಾಪಾರ ಕುಸಿದಿರುವ ಬಗ್ಗೆ ಮರುಗುವಾಗಲೂ ಇದೇ ಕ್ರಮ. ಹತ್ತು ನಿಮಿಷದಲ್ಲಿ ಕೊತ್ತಂಬರಿ ತರುವ ಹುಡುಗ ಗೇಟು ದಾಟಿ ಹೋಗಲಿ, ಆಮೇಲೆ ಮರುಗಿ.

4. ಸಮಾಜ ಗುಂಡಿ

ಅತಿ ಹೆಚ್ಚು ಬಳಕೆಯಾಗುವ ಗುಂಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ, ಹೆಂಗಸರು ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ದುಡ್ಡಿಲ್ಲದೆ ಓಡಾಡತೊಡಗಿದ ದಿನದಿಂದ ಇದಕ್ಕೆ ಬಿಡುವೇ ಇಲ್ಲ. 'ಬಿಟ್ಟಿ ಕೊಟ್ಟು ಕೊಟ್ಟು ಜನರನ್ನ ಸೋಮಾರಿ ಮಾಡಿಬಿಟ್ರು' ಎಂಬ ಧ್ವನಿ ತಾನಾಗಿ ಹೊರಡುತ್ತದೆ. ಬಳಸುವಾಗ ಪಾಲಿಸಬೇಕಾದ ಮುನ್ನೆಚ್ಚರಿಕೆಗಳು:

ಅ) ದರ್ಶಿನಿಯಲ್ಲಿ ಮೂರನೆಯ ಸಲ ಸಾಂಬಾರ್ ಹಾಕಿಸಿಕೊಳ್ಳುತ್ತಿದ್ದರೆ ಕಪ್ ತುಂಬುವವರೆಗೆ ಕಾಯಿರಿ.

ಆ) ತರಕಾರಿಯವಳು ಚೀಲಕ್ಕೆ ಕರಿಬೇವು ಸುಮ್ಮನೆ ಹಾಕದಿದ್ದಾಗ ಬರುವ ಸಿಟ್ಟನ್ನು ಇದರೊಂದಿಗೆ ಬೆರೆಸಬೇಡಿ.

ಇ) ಗೃಹಜ್ಯೋತಿ ಯೋಜನೆಯಿಂದ ಸೊನ್ನೆಯಾಗಿ ಬಂದ ನಿಮ್ಮ ಮನೆಯ ಕರೆಂಟ್ ಬಿಲ್ಲನ್ನು ಅಂಗಿಯ ಮೇಲುಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ಅಂಗಿ ತೆಳುವಾಗಿದ್ದರೆ ಕಾಣುತ್ತದೆ.

ಈ) ನಿಮ್ಮ ಮನೆಗೆಲಸದಾಕೆ ಬೆಳಗ್ಗೆ ಜೀರೋ ಟಿಕೆಟ್ ಹಿಡಿದೇ ನಿಮ್ಮ ಬೀದಿಯ ಸ್ಟಾಪಿನಲ್ಲಿ ಇಳಿಯುತ್ತಾರೆ. 'ಈಗ ಬಸ್ ಚಾರ್ಜ್ ಉಳಿಯುತ್ತಲ್ಲಮ್ಮ' ಎಂದು ಅವರ ಸಂಬಳ ಏರಿಸುವುದನ್ನು ನೀವು ಮುಂದಕ್ಕೆ ಹಾಕಿದ್ದರೆ, ಯೋಜನೆಯ ಫಲಾನುಭವಿ ಯಾರು ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ನಮ್ಮ ಗ್ರಾಹಕ ಸೇವಾ ಕೇಂದ್ರ ಉತ್ತರಿಸುವುದಿಲ್ಲ.

5. ತೊಂದರೆ ಮತ್ತು ಪರಿಹಾರ

ತೊಂದರೆ: ಎದುರಿನವರು ಅಂಕಿಅಂಶ ಹೇಳುತ್ತಿದ್ದಾರೆ.
ಪರಿಹಾರ: 'ನಮ್ಮ ಕಾಲದಲ್ಲಿ...' ಎಂದು ಶುರುಮಾಡಿ. ಆ ಕಾಲದ ಅಂಕಿಅಂಶ ಯಾರ ಬಳಿಯೂ ಇರುವುದಿಲ್ಲ.

ತೊಂದರೆ: 'ಅಪ್ಪಾ, ಆ ಪಿಕ್ಚರ್ ನೀವು ನೋಡಿದ್ದೀರಾ?' ಎಂದು ಮಗಳು ಎಲ್ಲರೆದುರು ಕೇಳಿದಳು.
ಪರಿಹಾರ: ಅವಳ ಪರೀಕ್ಷೆ ಯಾವಾಗ ಎಂದು ವಿಚಾರಿಸಿ.

ತೊಂದರೆ: ಎದುರಿನವರ ಮಾತೂ ಸರಿ ಅನ್ನಿಸತೊಡಗಿದೆ.
ಪರಿಹಾರ: ಕೂಡಲೇ ಸ್ಥಳ ಬದಲಿಸಿ. ಗಾಳಿ ಬೆಳಕು ಹೆಚ್ಚಾದಾಗ ಹೀಗಾಗುವುದುಂಟು.

6. ವಾರಂಟಿ

ಉತ್ಪನ್ನಕ್ಕೆ ಜೀವಮಾನದ ವಾರಂಟಿ ಇದೆ. ಆದರೆ ಸ್ವಂತ ಖರ್ಚಿನಲ್ಲಿ ಪರೀಕ್ಷಿಸಿ ನೋಡಿದರೆ ರದ್ದಾಗುತ್ತದೆ. ಅಂದರೆ ದುಡ್ಡು ಕೊಟ್ಟು ಸಿನಿಮಾ ನೋಡುವುದು, ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡು ಹೋಗುವುದು, ಡೇರಿಗೆ ಹಾಲು ಹಾಕುವವರ ಬಳಿ ಬೂಸಾ, ಹಿಂಡಿಯ ಬೆಲೆ ಕೇಳುವುದು, ಮನೆಗೆಲಸದಾಕೆಯ ಸಂಬಳದಲ್ಲಿ ನಿಮ್ಮ ಮನೆಯ ಒಂದು ತಿಂಗಳು ನಡೆದೀತೇ ಎಂದು ಲೆಕ್ಕ ಹಾಕುವುದು. ಇಂಥ ಬಳಕೆಯಿಂದ ಅಭಿಪ್ರಾಯದ ಆಕಾರ ಬದಲಾಗುತ್ತದೆ, ಸದ್ದು ಅರ್ಧಕ್ಕರ್ಧ ಇಳಿಯುತ್ತದೆ. ಹಾಗೆ ಬದಲಾದ ಮಾಲನ್ನು ಕಂಪನಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಅದು ನಿಮ್ಮ ಸ್ವಂತದ್ದಾಗಿರುತ್ತದೆ, ನೀವೇ ಇಟ್ಟುಕೊಳ್ಳಬೇಕು.