ಸೇನೆಯಲ್ಲಿ ಮೆಡಿಕಲ್ ಕೆಲಸ: ಕಾಮಾಕ್ಷಿಪಾಳ್ಯದವರಿಗೆ ಬಳಕೆಯ ಕೈಪಿಡಿ

ಬಳಸುವ ಮುನ್ನ

ಪಿಯುಸಿ ಮುಗಿಸಿ, 'ನಾನು ಮಿಲಿಟರಿಗೆ ಸೇರಿ ಗಾಯಾಳುಗಳ ಸೇವೆ ಮಾಡ್ತೀನಿ' ಎಂದು ರಾತ್ರಿ ಊಟದ ಹೊತ್ತಿಗೆ ಘೋಷಿಸಿದ ಮಕ್ಕಳಿಗಾಗಿ ಈ ಕೈಪಿಡಿ. ಘೋಷಣೆ ಕೇಳಿ ತಟ್ಟೆ ಸರಿಸಿ ಎದ್ದುಹೋದ ಅಮ್ಮಂದಿರೂ ಓದಬಹುದು. ಹಸಿರು, ಬಿಳಿ, ನೀಲಿ ಸಮವಸ್ತ್ರಗಳಲ್ಲಿ ಯಾವುದು ನಿಮ್ಮ ಮೈಬಣ್ಣಕ್ಕೆ ಒಪ್ಪುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ.

ಹಂತ 1: ಬಿಡಿಭಾಗಗಳನ್ನು ಪರಿಶೀಲಿಸಿ

ಅಂಕಪಟ್ಟಿ ತೆಗೆಯಿರಿ. ಜೀವಶಾಸ್ತ್ರ ಇದೆಯೇ? ಸ್ನೇಹಿತ ತೆಗೆದುಕೊಂಡನೆಂದು ನೀವೂ ಪಿಸಿಎಂಸಿ ತೆಗೆದುಕೊಂಡಿದ್ದರೆ ಈ ಯಂತ್ರ ನಿಮ್ಮ ಮನೆಯಲ್ಲಿ ಚಾಲೂ ಆಗುವುದಿಲ್ಲ. ಭೂಸೇನೆಯ ನರ್ಸಿಂಗ್ ಅಸಿಸ್ಟೆಂಟ್ ಆಗಲು ಭೌತ, ರಸಾಯನ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ಒಟ್ಟು 50%, ಪ್ರತಿ ವಿಷಯದಲ್ಲೂ 40% ಬೇಕು. ನೌಕಾಪಡೆ, ವಾಯುಪಡೆಗಳ ಮೆಡಿಕಲ್ ಅಸಿಸ್ಟೆಂಟ್‌ಗೂ ಹೆಚ್ಚುಕಮ್ಮಿ ಇದೇ ಓದು. ಡಿ.ಫಾರ್ಮಾ ಮಾಡಿಕೊಂಡವರಿಗೆ ಭೂಸೇನೆಯಲ್ಲಿ ಸಿಪಾಯಿ ಫಾರ್ಮಾ ಎಂಬ ಬೇರೆ ಬಾಗಿಲಿದೆ.

ಹಂತ 2: ಸ್ವಯಂ ಪರೀಕ್ಷೆ

ಮಾಗಡಿ ರಸ್ತೆಯ ಒಳಗಲ್ಲಿಯಲ್ಲಿ ಯಾವುದಾದರೂ ಲೇತ್ ಶಾಪಿನ ಮುಂದೆ ನಿಲ್ಲಿ. ಇವತ್ತಲ್ಲ ನಾಳೆ ಒಬ್ಬರು ಬೆರಳು ಕೊಯ್ದುಕೊಳ್ಳುತ್ತಾರೆ. ಅಲ್ಲಿಯ ಪದ್ಧತಿ ಹೀಗೆ: ಯಜಮಾನರು ಮೊದಲು ಬೈಯುತ್ತಾರೆ. ಒಬ್ಬ ಎಣ್ಣೆ ಒರೆಸುವ ವೇಸ್ಟ್ ಬಟ್ಟೆಯನ್ನೇ ಸುತ್ತುತ್ತಾನೆ. ಇನ್ನೊಬ್ಬ ಪಕ್ಕದ ಮನೆಯಲ್ಲಿ ಅರಿಶಿನ ಕೇಳುತ್ತಾನೆ. ಮತ್ತೊಬ್ಬ ಸ್ಕೂಟರ್ ಒದ್ದು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಕಡೆ ತಿರುಗಿಸುತ್ತಾನೆ.

ಅಷ್ಟರಲ್ಲಿ ನೀವೇನು ಮಾಡಿದಿರಿ? ಮೊಬೈಲ್ ತೆಗೆದಿದ್ದರೆ ಕೈಪಿಡಿ ಮುಚ್ಚಿ, ಬಿ.ಕಾಂ.ಗೆ ಅರ್ಜಿ ಹಾಕಿ. ಶುಚಿಯಾದ ಬಟ್ಟೆಯಿಂದ ಗಾಯ ಒತ್ತಿ ಹಿಡಿದು, ಕೈ ಎದೆಗಿಂತ ಮೇಲೆತ್ತಿಸಿದ್ದರೆ ಮುಂದಕ್ಕೆ ಓದಿ.

ಹಂತ 3: ಮಾದರಿಗಳು

ಭೂಸೇನೆ ಮಾದರಿ. 1943ರ ಏಪ್ರಿಲ್ 3ರಂದು ಈಗಿನ ರೂಪಕ್ಕೆ ಬಂದ ಆರ್ಮಿ ಮೆಡಿಕಲ್ ಕೋರ್‌ನ ತರಬೇತಿ ಲಖನೌದಲ್ಲಿ. ಆಮೇಲೆ ಆಸ್ಪತ್ರೆ ವಾರ್ಡೂ ಸಿಗಬಹುದು, ಹಿಮದ ನಡುವಿನ ಚಿಕಿತ್ಸಾ ಠಾಣೆಯೂ ಸಿಗಬಹುದು. ಭೂಸೇನೆಯಾದ್ದರಿಂದ ಕಾಲು ನೆಲದ ಮೇಲೆಯೇ ಇರುತ್ತದೆ ಎಂದು ಅಮ್ಮನಿಗೆ ಮಾತು ಕೊಡಬೇಡಿ. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸ್‌ನವರು 1951ರ ಮಾರ್ಚ್‌ನಲ್ಲಿ ಕೊರಿಯಾದಲ್ಲಿ ವಿಮಾನದಿಂದ ಧುಮುಕಿ ಗಾಯಾಳುಗಳನ್ನು ನೋಡಿಕೊಂಡಿದ್ದರು.

ನೌಕಾಪಡೆ ಮಾದರಿ. ಮೊದಲ ತರಬೇತಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ. ವೈದ್ಯರಿಲ್ಲದ ಸಣ್ಣ ಹಡಗಿನಲ್ಲಿ ಮೆಡಿಕಲ್ ಅಸಿಸ್ಟೆಂಟೇ ಎಲ್ಲ. ನಡುರಾತ್ರಿ ಹೊಟ್ಟೆನೋವು ಎಂದವನಿಗೆ ಅಜೀರ್ಣವೋ ಅಪೆಂಡಿಸೈಟಿಸೋ ಎಂದು ಮೊದಲು ಅಂದಾಜು ಮಾಡಬೇಕಾದವರು ನೀವು. ವೃಷಭಾವತಿ ಬಿಟ್ಟು ಬೇರೆ ನೀರು ನೋಡದವರು ಮೊದಲು ಈಜು ಕಲಿಯಿರಿ.

ವಾಯುಪಡೆ ಮಾದರಿ. ಕನ್ನಡ ನಾಡಿಗೆ ಹತ್ತಿರದ್ದು ಇದೇ. ಆಯ್ಕೆ ಕೇಂದ್ರ ಕಬ್ಬನ್ ರಸ್ತೆಯಲ್ಲಿದೆ. ಹೊಸಹಳ್ಳಿಯಲ್ಲಿ ನೇರಳೆ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರಾಯಿತು. ಏರ್‌ಮನ್‌ಗಳ ತರಬೇತಿ ಶಾಲೆ ಬೆಳಗಾವಿಯ ಸಾಂಬ್ರಾದಲ್ಲಿ, ಕಮಾಂಡ್ ಆಸ್ಪತ್ರೆ ಹಳೇ ಏರ್‌ಪೋರ್ಟ್ ರಸ್ತೆಯ ಕಡೆ. ತರಬೇತಿ ಮುಗಿದ ಮೇಲೆ ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಆರಂಭಕ್ಕೆ ₹26,900, ಭತ್ಯೆ ಬೇರೆ. ಬೆಂಗಳೂರಿನಲ್ಲೇ ಪೋಸ್ಟಿಂಗ್ ಸಿಗುತ್ತದೆ ಎಂಬ ಭರವಸೆ ಮಾತ್ರ ಪೆಟ್ಟಿಗೆಯೊಳಗೆ ಇರುವುದಿಲ್ಲ.

ಒಂದು ಸಮಾಧಾನ: 2022ರಲ್ಲಿ ಬಂದ ಅಗ್ನಿಪಥದ ನಾಲ್ಕು ವರ್ಷದ ಲೆಕ್ಕ ಈ ಹುದ್ದೆಗಳಿಗಿಲ್ಲ. ಇವು ಕಾಯಂ ನೌಕರಿ.

ಹೆಣ್ಣುಮಕ್ಕಳಿಗೆ ಪ್ರತ್ಯೇಕ ಪುಟ

ಮೇಲಿನ ಮೂರಕ್ಕೂ ಗಂಡುಮಕ್ಕಳನ್ನೇ ಕರೆಯುತ್ತಾರೆ. ಬೇಸರ ಬೇಡ, ನಿಮ್ಮ ದಾರಿ ನೇರ ಅಧಿಕಾರಿ ಹುದ್ದೆಗೇ ಹೋಗುತ್ತದೆ. ನೀಟ್ ಬರೆದು ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಬಹುದು. ಅದರ ಕಾಲೇಜುಗಳಲ್ಲಿ ಒಂದು ನಮ್ಮ ಕಮಾಂಡ್ ಆಸ್ಪತ್ರೆಯಲ್ಲೇ ಇದೆ. ಡಾಕ್ಟರೇ ಆಗಬೇಕೆಂಬ ಹುಡುಗ ಹುಡುಗಿಯರಿಬ್ಬರಿಗೂ 1948ರಲ್ಲಿ ಶುರುವಾದ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು (ಎಎಫ್‌ಎಂಸಿ) ಇದೆ. ಅಲ್ಲಿ ಓದಿದ ಮೇಲೆ ಯಾವ ಪಡೆ ಎಂಬುದನ್ನು ಹಂಚುವವರು ಸೇನೆಯವರೇ. ಆರತಿ ಸರೀನ್ ಅವರನ್ನು ನೋಡಿ: ಮೂರೂ ಪಡೆಗಳ ಸಮವಸ್ತ್ರ ತೊಟ್ಟು, 2024ರ ಅಕ್ಟೋಬರ್‌ನಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಗಳ ಮಹಾನಿರ್ದೇಶಕರಾದ ಮೊದಲ ಮಹಿಳೆಯಾದರು.

ಹಂತ 4: ಚಾಲನೆ

ಮೂರು ಪಡೆಗಳೂ 1.6 ಕಿ.ಮೀ. ಓಡಿಸುತ್ತವೆ. ವಾಯುಪಡೆ 7 ನಿಮಿಷ ಕೊಡುತ್ತದೆ, ನೌಕಾಪಡೆ ಆರೂವರೆ. ಭೂಸೇನೆಯ ಗಡಿಯಾರ ಇನ್ನೂ ಬಿಗಿ. ಮಾಗಡಿ ರಸ್ತೆಯಲ್ಲಿ ಅಭ್ಯಾಸ ಮಾಡಿದರೆ ನೀವೇ ಮೊದಲ ರೋಗಿಯಾಗುತ್ತೀರಿ. ಬೆಳಿಗ್ಗೆ ಜ್ಞಾನಭಾರತಿ ಆವರಣಕ್ಕೆ ಹೋಗಿ.

ದೋಷ ಮತ್ತು ಪರಿಹಾರ

ಕಿವಿಯಲ್ಲಿ ಗುಗ್ಗೆ: ತಪಾಸಣೆಯ ದಿನ ಇಷ್ಟಕ್ಕೇ ತಡೆಹಿಡಿಯುತ್ತಾರೆ. ಮೊದಲೇ ಡಾಕ್ಟರ ಹತ್ತಿರ ತೆಗೆಸಿಕೊಳ್ಳಿ, ಪಿನ್ ಹಾಕಬೇಡಿ.

ತೋಳಿನ ಮೇಲೆ ಅಪ್ಪು ಹಚ್ಚೆ: ಮುಂಗೈ ಒಳಬದಿ, ಅಂಗೈ ಹಿಂಬದಿ ಬಿಟ್ಟು ಬೇರೆಡೆ ಕಾಯಂ ಹಚ್ಚೆ ನಡೆಯುವುದಿಲ್ಲ. ಅಭಿಮಾನವನ್ನು ಎದೆಯೊಳಗೆ ಇಟ್ಟುಕೊಳ್ಳಿ, ಎದೆಯ ಮೇಲೆ ಬೇಡ.

'ಎರಡು ಲಕ್ಷ ಕೊಡಿ ಸಾರ್, ಒಳಗೆ ನಮ್ಮವರಿದ್ದಾರೆ' ಎನ್ನುವ ಅಣ್ಣ: ದುರಸ್ತಿ ಸಾಧ್ಯವಿಲ್ಲ. ಪೊಲೀಸ್ ಠಾಣೆಗೆ ಒಪ್ಪಿಸಿ.

'ನಮ್ಮ ಮಾವನ ಮಗ ಏರ್‌ಫೋರ್ಸ್‌ನಲ್ಲಿದ್ದಾನೆ, ಅದೇ ಬೆಸ್ಟು' ಎನ್ನುವ ನೆಂಟರು: ಕಾಫಿ ಕೊಟ್ಟು ಕಳಿಸಿ.

ಕೊನೆಯ ಸೂಚನೆ

ಯಾವ ಪಡೆ ಒಳ್ಳೆಯದು ಎಂದು ಇಷ್ಟು ಓದಿದ ಮೇಲೂ ಕೇಳುತ್ತೀರಿ, ಗೊತ್ತು. ಅದನ್ನು ತೀರ್ಮಾನಿಸುವುದು ನಿಮ್ಮ ಹುಟ್ಟಿದ ದಿನಾಂಕ. ಪಿಯುಸಿ ಮೇಲೆ ಹೋಗುವವರಿಗೆ ನೌಕಾಪಡೆ, ವಾಯುಪಡೆಗಳ ಬಾಗಿಲು ಸುಮಾರು 21ಕ್ಕೆ ಮುಚ್ಚುತ್ತದೆ, ಭೂಸೇನೆಯದು 23ರವರೆಗೆ ತೆರೆದಿರುತ್ತದೆ. ಆದ್ದರಿಂದ ಮೊದಲು ಬೇಗ ಮುಚ್ಚುವ ಎರಡು ಬಾಗಿಲು ತಟ್ಟಿ, ಆಮೇಲೆ ಮೂರನೆಯದು. ಆಯಾ ವರ್ಷದ ಪ್ರಕಟಣೆಯನ್ನು ಪಡೆಯ ಅಧಿಕೃತ ಜಾಲತಾಣದಲ್ಲೇ ಓದಿ, ಅರ್ಜಿಯನ್ನು ನಿಮ್ಮ ಕೈಯಾರೆ ತುಂಬಿ. ಯಾವ ಬಾಗಿಲು ತೆರೆದರೂ ಒಳಗೆ ಕಾಯುವ ಕೆಲಸ ಒಂದೇ: ರಕ್ತ ನಿಲ್ಲಿಸುವುದು.