ನಕಲು ಮೀಮಾಂಸೆ, ಅಥವಾ ಕೊಂಡವನೇ ಕಳ್ಳನೆಂಬ ಸಿದ್ಧಾಂತ

1. ಉಪೋದ್ಘಾತ

ಯಾವ ಶಾಸ್ತ್ರಗ್ರಂಥವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಆರಂಭದಲ್ಲೇ ಹೇಳಿಬಿಡಬೇಕೆಂದು ಹಿರಿಯರು ವಿಧಿಸಿದ್ದಾರೆ. ಅದರಂತೆ ಹೇಳುತ್ತೇವೆ. ವಿಷಯ: ಹಾಡಿನ ಆಲ್ಬಮ್, ಅದರ ಬೆಲೆ ಮತ್ತು ಅದರ ನಕಲು. ಪ್ರಯೋಜನ: ಏನೂ ಇಲ್ಲ, ಇದ್ದರೆ ಅದರ ಹಕ್ಕು ಕಂಪನಿಯದು. ಸಂಬಂಧ: ಕಂಪನಿಗೂ ಗಿರಾಕಿಗೂ ಇರುವಂಥದು, ಅಂದರೆ ಠಾಣೆಗೂ ಶಂಕಿತನಿಗೂ ಇರುವಂಥದು. ಅಧಿಕಾರಿ, ಎಂದರೆ ಇದನ್ನು ಓದಲು ಅರ್ಹ: ಜೀವಮಾನದಲ್ಲಿ ಒಮ್ಮೆಯಾದರೂ ಪೂರ್ತಿ ಬೆಲೆ ಕೊಟ್ಟು ಆಲ್ಬಮ್ ಕೊಂಡವನು. ಪುಕ್ಕಟೆ ಕೇಳಿದವನಿಗೆ ಈ ಶಾಸ್ತ್ರದ ಗೊಡವೆಯೇ ಬೇಕಾಗಿಲ್ಲ. ಅವನ ಸಿಡಿ ಎಲ್ಲ ಯಂತ್ರಗಳಲ್ಲೂ ಸುಸೂತ್ರವಾಗಿ ಹಾಡುತ್ತದೆ.

2. ಪೂರ್ವಪಕ್ಷ

ಕಂಪನಿಯ ವಾದವನ್ನು ಮೊದಲು ಅದರ ಬಾಯಿಂದಲೇ ಕೇಳೋಣ. ನಕಲಿನಿಂದ ಸಂಗೀತ ಸಾಯುತ್ತದೆ ಎಂಬುದು ವಾದದ ಸಾರ. ಫಿಲಿಪ್ಸ್ 1963ರಲ್ಲಿ ಕ್ಯಾಸೆಟ್ಟನ್ನು ಹೊರತಂದಿತು. 1981ರಲ್ಲಿ ಬ್ರಿಟನ್ನಿನ ರೆಕಾರ್ಡ್ ಕಂಪನಿಗಳ ಸಂಘ ಅದೇ ಕ್ಯಾಸೆಟ್ಟನ್ನು ತಲೆಬುರುಡೆಯಂತೆ ಬರೆಸಿ, ಕೆಳಗೆ ಎರಡು ಮೂಳೆ ಅಡ್ಡ ಇಡಿಸಿ, ಮನೆಯಲ್ಲಿ ಟೇಪ್ ಮಾಡಿಕೊಳ್ಳುವವರೇ ಸಂಗೀತದ ಹಂತಕರೆಂದು ಸಾರಿತು. ಈ ಚಿತ್ರ ಆಲ್ಬಮ್‌ಗಳ ಒಳಕವರಿನ ಮೇಲೆ ಅಚ್ಚಾಯಿತು.

ಒಳಕವರು ಸಿಗುತ್ತಿದ್ದದ್ದು ಆಲ್ಬಮ್ ಕೊಂಡವನಿಗೆ ಎಂಬುದನ್ನು ವಿದ್ವಾಂಸರು ಗಮನಿಸತಕ್ಕದ್ದು. ಗೆಳೆಯನ ಮನೆಯಲ್ಲಿ ಟೇಪ್ ಮಾಡಿಕೊಂಡು ಬಂದವನಿಗೆ ಆ ಬೈಗುಳ ತಲುಪುವ ದಾರಿಯೇ ಇರಲಿಲ್ಲ, ಏಕೆಂದರೆ ಟೇಪಿಗೆ ಹಾಡು ಇಳಿಯುತ್ತದೆಯೇ ಹೊರತು ಕವರು ಇಳಿಯುವುದಿಲ್ಲ. ನಮ್ಮ ಸಿದ್ಧಾಂತದ ಬೀಜ ಇಲ್ಲಿದೆ.

ಅದೇ ವರ್ಷ ಅಮೆರಿಕದ ಡೆಡ್ ಕೆನೆಡೀಸ್ ಎಂಬ ಪಂಕ್ ತಂಡ ತನ್ನ ಕ್ಯಾಸೆಟ್ಟಿನ ಒಂದು ಬದಿಯನ್ನು ಖಾಲಿ ಬಿಟ್ಟು, ಕಂಪನಿಗಳ ಲಾಭವನ್ನು ಕೊಲ್ಲುವ ಸತ್ಕಾರ್ಯಕ್ಕೆ ನೀವೂ ಕೈಜೋಡಿಸಿ ಎಂದು ಕೇಳುಗರನ್ನು ಕೋರಿತು. ಇವರದು ನಾಸ್ತಿಕ ಪಂಥ. ಇವರ ಮತವನ್ನು ಖಂಡಿಸಲೇಬೇಕು, ಆದರೆ ಸ್ಥಳಾಭಾವ.

3. ಬೆಲೆ ಪ್ರಕರಣ

ಸಿಡಿ 1982ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂತು. 12 ಸೆಂಟಿಮೀಟರ್ ಅಗಲದ ಈ ಪ್ಲಾಸ್ಟಿಕ್ ಬಿಲ್ಲೆಗೆ ಬೆಲೆ ನಿಷ್ಕರ್ಷೆಯಾಗುವುದು ಹೇಗೆ? ಬೇಡಿಕೆ ಮತ್ತು ಪೂರೈಕೆಯಿಂದ ಎಂದು ಅರ್ಥಶಾಸ್ತ್ರದ ಬಾಲಪಾಠ ಹೇಳುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2000ದಲ್ಲಿ ಕಂಡುಕೊಂಡ ಉತ್ತರ ಇನ್ನೂ ಗಹನವಾದದ್ದು. ಯೂನಿವರ್ಸಲ್, ಸೋನಿ, ವಾರ್ನರ್, ಬಿಎಂಜಿ, ಇಎಂಐ ಎಂಬ ಪಂಚಭೂತಗಳು ಅಂಗಡಿಗಳಿಗೆ ಜಾಹೀರಾತಿನ ದುಡ್ಡು ಕೊಡುತ್ತಿದ್ದವು. ಷರತ್ತು ಒಂದೇ: ತಾವು ಗೊತ್ತುಮಾಡಿದ್ದಕ್ಕಿಂತ ಕಡಿಮೆ ಬೆಲೆಯನ್ನು ಜಾಹೀರಾತಿನಲ್ಲಿ ಕಾಣಿಸಕೂಡದು. ಅಂಗಡಿಯವನು ತನ್ನ ಸ್ವಂತ ಕಾಸಿನಲ್ಲಿ ಜಾಹೀರಾತು ಕೊಟ್ಟರೂ ಕಾಣಿಸಕೂಡದು. ಇದರಿಂದ ಮೂರು ವರ್ಷಗಳಲ್ಲಿ ಗಿರಾಕಿಗಳು ಹೆಚ್ಚುವರಿಯಾಗಿ 48 ಕೋಟಿ ಡಾಲರ್‌ವರೆಗೆ ತೆತ್ತಿರಬಹುದೆಂದು ಕಮಿಷನ್ ಅಂದಾಜಿಸಿತು.

ಇದೇ ವಿಷಯದಲ್ಲಿ ಅಮೆರಿಕದ ಬೇರೆ ಬೇರೆ ರಾಜ್ಯಗಳು ಹೂಡಿದ ದಾವೆ 2002ರಲ್ಲಿ ರಾಜಿಯಾಯಿತು. ಕಂಪನಿಗಳು ತಪ್ಪು ಒಪ್ಪಿಕೊಳ್ಳಲಿಲ್ಲ, ದುಡ್ಡು ಕೊಡಲು ಒಪ್ಪಿಕೊಂಡವು: 6.74 ಕೋಟಿ ಡಾಲರ್ ನಗದು, ಜೊತೆಗೆ 7.57 ಕೋಟಿ ಡಾಲರ್ ಮೌಲ್ಯದ ಸಿಡಿಗಳು. ಸಿಡಿಯ ಬೆಲೆ ವಿಪರೀತ ಎಂಬ ವ್ಯಾಜ್ಯದಲ್ಲಿ ಸಿಡಿಯನ್ನೇ ದಂಡವಾಗಿ ಕಟ್ಟುವುದರ ಸೊಗಸು ಮೇಲ್ನೋಟಕ್ಕೆ ಹೊಳೆಯುವುದಿಲ್ಲ. ಬೆಲೆ ಎಷ್ಟು ಹೆಚ್ಚೋ ದಂಡವೂ ಅಷ್ಟು ಭಾರಿಯಾಗಿ ಕಾಣುತ್ತದೆ. ಅರ್ಜಿ ಹಾಕಿದ ಗಿರಾಕಿಗಳಿಗೆ 2004ರಲ್ಲಿ ತಲಾ 13.86 ಡಾಲರಿನ ಚೆಕ್ಕು ಬಂತು.

ಈ ನಡುವೆ, 2003ರಲ್ಲಿ, ಯೂನಿವರ್ಸಲ್ ಕಂಪನಿ 18.98 ಡಾಲರ್‌ವರೆಗೂ ಇದ್ದ ತನ್ನ ಸಿಡಿಗಳ ಬೆಲೆಯನ್ನು 12.98ಕ್ಕೆ ಇಳಿಸುವುದಾಗಿ ಘೋಷಿಸಿತು. ಗಾಯಕರ ಕಂಠ ರಾತ್ರೋರಾತ್ರಿ ಅಗ್ಗವಾಯಿತೆಂದು ಭಾವಿಸಬಾರದು. ಆ ಆರು ಡಾಲರ್ ಸತ್ತೂ ಅಲ್ಲ, ಅಸತ್ತೂ ಅಲ್ಲ. ವೇದಾಂತಿಗಳು ಇದನ್ನು ಮಾಯೆ ಎನ್ನುತ್ತಾರೆ, ವರ್ತಕರು ಮಾರ್ಜಿನ್ ಎನ್ನುತ್ತಾರೆ.

4. ಬೀಗ ಪ್ರಕರಣ

ಈ ಪ್ರಕರಣ ಶಾಸ್ತ್ರಕ್ಕೆ ನಮ್ಮ ಸ್ವಂತ ಕೊಡುಗೆ. ಸೂತ್ರ ಹೀಗಿದೆ: ಸಂಗೀತ ಕಂಪನಿ ಹಾಕಿದ ಬೀಗಕ್ಕೆ ಕೀಲಿ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ.

ಮೊದಲ ದೃಷ್ಟಾಂತ ಕ್ಯಾಸೆಟ್. ಒಂದು ಕಾಲಕ್ಕೆ ಕರ್ನಾಟಕದ ಊರೂರುಗಳಲ್ಲಿ ಬಸ್ ನಿಲ್ದಾಣದ ಆಸುಪಾಸು ಒಂದಾದರೂ ಕ್ಯಾಸೆಟ್ ಅಂಗಡಿ ಇರುತ್ತಿತ್ತು. ಗೆರೆ ಹಾಳೆಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದರು. 60 ನಿಮಿಷದ್ದಾದರೆ ಬದಿಗೆ ಆರು ಹಾಡು. ಆರನೆಯದು ಎರಡನೇ ಚರಣದ ನಡುವೆ ಟಕ್ಕೆಂದು ನಿಲ್ಲುತ್ತಿತ್ತು. ಕಂಪನಿಯ ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ನಾಲಗೆಗಳ ಜಾಗ ಖಾಲಿ ಇರುತ್ತಿತ್ತು. ಆ ಗುಳಿ ಇದ್ದರೆ ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಕೆಳಗೆ ಇಳಿಯುವುದಿಲ್ಲ. ಗುಳಿಯ ಮೇಲೆ ಉಗುರಿನಷ್ಟು ಸೆಲ್ಲೋಟೇಪ್ ಅಂಟಿಸಿದರೆ ಇಳಿಯುತ್ತದೆ. ದೇವರನಾಮದ ಮೇಲೆ ಡಿಸ್ಕೊ ಹಾಡು ಕೂರುತ್ತದೆ.

ಎರಡನೆಯದು, 2002. ಯುರೋಪಿನಲ್ಲಿ ಸೋನಿ ಹೊರತಂದ ಸೆಲೀನ್ ಡಿಯೋನ್ ಸಿಡಿಯನ್ನು ಕಂಪ್ಯೂಟರಿಗೆ ಹಾಕಿದರೆ ಹಾಡುತ್ತಿರಲಿಲ್ಲ, ಕೆಲವೊಮ್ಮೆ ಕಂಪ್ಯೂಟರೇ ಸೆಟೆದುಕೊಳ್ಳುತ್ತಿತ್ತು. ಸಿಡಿಯ ಹೊರ ಅಂಚಿನಲ್ಲಿ ಕಂಪ್ಯೂಟರನ್ನು ದಾರಿತಪ್ಪಿಸುವ ಪೊಳ್ಳು ಮಾಹಿತಿ ತುಂಬಿದ್ದೇ ಕಾರಣ. ಆ ಅಂಚಿನ ಗುಂಟ ಕಪ್ಪು ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದರೆ ಪೊಳ್ಳು ಕಾಣದಾಗಿ, ಗಾಯಕಿ ಹಾಡುತ್ತಿದ್ದರು. ಇಂಥ ಬಿಲ್ಲೆಗಳು ಸಿಡಿಯೇ ಅಲ್ಲ, ಅವಕ್ಕೆ ನಮ್ಮ ಲಾಂಛನ ಹಾಕಬೇಡಿ ಎಂದು ಸಿಡಿಯ ಜನಕರಲ್ಲಿ ಒಬ್ಬರಾದ ಫಿಲಿಪ್ಸ್‌ನವರೇ ತಕರಾರು ತೆಗೆದರು.

ಮೂರನೆಯದು, 2003. ಸನ್‌ಕಾಮ್ ಎಂಬ ಕಂಪನಿಯ ರಕ್ಷಣಾ ತಂತ್ರಾಂಶವನ್ನು, ಸಿಡಿ ಹಾಕುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ ದಾಟಬಹುದೆಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಯೊಬ್ಬರು ಬರೆದರು. ಕಂಪನಿ ದಾವೆ ಹೂಡುವುದಾಗಿ ಬೆದರಿಸಿತು, ಮರುದಿನವೇ ಮನಸ್ಸು ಬದಲಿಸಿತು. ಬೆರಳಿಗೆ ಸ್ಟೇಷನರಿ ಅಂಗಡಿ ಬೇಕಿಲ್ಲವಾದ್ದರಿಂದ ಇದು ನಮ್ಮ ಸೂತ್ರಕ್ಕೆ ಅಪವಾದ. ಅಪವಾದವಿಲ್ಲದ ಸೂತ್ರವನ್ನು ಪಂಡಿತರು ನಂಬುವುದಿಲ್ಲ.

ನಾಲ್ಕನೆಯದು, 2005, ಸೋನಿ ಬಿಎಂಜಿ. 52 ಆಲ್ಬಮ್‌ಗಳ ಸಿಡಿಗಳಲ್ಲಿ ಎಕ್ಸ್‌ಸಿಪಿ ಎಂಬ ತಂತ್ರಾಂಶ ಅಡಗಿತ್ತು. ಸಿಡಿ ಹಾಕಿದವನ ಕಂಪ್ಯೂಟರಿನೊಳಗೆ ಅದು ನುಸುಳಿ, ತನ್ನನ್ನು ತಾನೇ ಮರೆಮಾಡಿಕೊಳ್ಳುತ್ತಿತ್ತು. ಆ ಮರೆಯಲ್ಲಿ ಬೇರೆ ವೈರಸ್‌ಗಳೂ ಬಚ್ಚಿಟ್ಟುಕೊಳ್ಳಬಹುದಿತ್ತು, ಬಚ್ಚಿಟ್ಟುಕೊಂಡವು. ಮಾರ್ಕ್ ರುಸಿನೋವಿಚ್ ಎಂಬ ತಜ್ಞರು ಅಕ್ಟೋಬರ್ 31ರಂದು ಇದನ್ನು ಬಯಲಿಗೆಳೆದರು. ಕೆಲವೇ ವಾರಗಳಲ್ಲಿ ಸಿಡಿಗಳು ವಾಪಸಾದವು. ಈ ಬೀಗಕ್ಕೂ ಅಂಚಿನ ಮೇಲೆ ಉಗುರಿನಷ್ಟು ಟೇಪ್ ಚೂರು ಸಾಕೆಂದು ಗಾರ್ಟ್ನರ್ ಎಂಬ ಸಂಶೋಧನಾ ಸಂಸ್ಥೆ ಹೇಳಿತು. ಕ್ಯಾಸೆಟ್ಟಿನ ಕಾಲದ ವಿದ್ಯೆ ಸಿಡಿಯ ಕಾಲಕ್ಕೂ ಪರಂಪರೆಯಾಗಿ ಇಳಿದುಬಂದಿತ್ತು.

ನಕಲು ತಡೆಯುವ ಈ ತಂತ್ರಾಂಶವನ್ನು ಬಿಚ್ಚಿ ನೋಡಿದವರಿಗೆ ಒಳಗೆ ಲೇಮ್ ಎಂಬ ಮುಕ್ತ ತಂತ್ರಾಂಶದ ಸಾಲುಗಳು, ಅದರ ಪರವಾನಗಿಯ ಷರತ್ತುಗಳನ್ನು ಪಾಲಿಸದೆ ಸೇರಿಕೊಂಡಿದ್ದು ಕಂಡಿತು. ಅಂದರೆ ಬೀಗವೇ ನಕಲು. ಭಾಷ್ಯಕಾರರಿಗೆ ಇಲ್ಲಿ ಮಾಡಲು ಕೆಲಸವಿಲ್ಲ.

5. ಪರವಾನಗಿ ಪ್ರಕರಣ

ಸೋನಿ ಬಿಎಂಜಿಯ ಅದೇ ಸಿಡಿಗಳ ಪರವಾನಗಿ ಪತ್ರ, ಕೊಂಡವನು ಕಂಪ್ಯೂಟರಿಗೆ ಇಳಿಸಿಕೊಂಡ ಪ್ರತಿಗಳ ಬಗ್ಗೆ ಹಲವು ವಿಧಿನಿಷೇಧಗಳನ್ನು ಹೇಳಿತ್ತು. ಸಿಡಿ ಕೈಬಿಟ್ಟುಹೋದರೆ ಹಕ್ಕೂ ಹೋಯಿತು. ಆದ್ದರಿಂದ ಮನೆಗೆ ಕನ್ನ ಬಿದ್ದು ಸಿಡಿ ಕಳುವಾದರೆ ಕಂಪ್ಯೂಟರಿನಲ್ಲಿರುವ ಹಾಡುಗಳನ್ನೂ ಅಳಿಸಬೇಕು. ದೇಶ ಬಿಟ್ಟು ನೆಲೆಸಿದರೆ ಅಳಿಸಬೇಕು. ದಿವಾಳಿಯೆದ್ದರೂ ಅಳಿಸಬೇಕು. ಗಿರಾಕಿಗೆ ನಷ್ಟವಾದರೆ ಕಂಪನಿಯ ಹೊಣೆ ಐದು ಡಾಲರ್ ಮೀರದು.

ಕನ್ನದ ರಾತ್ರಿಯನ್ನು ನ್ಯಾಯಶಾಸ್ತ್ರದ ಕ್ರಮದಲ್ಲಿ ಪರೀಕ್ಷಿಸೋಣ. ಕಳ್ಳನ ಚೀಲದಲ್ಲಿ ಸಿಡಿ ಇದೆ, ಅವನು ಹಾಡು ಕೇಳುತ್ತಿದ್ದಾನೆ. ಕೊಂಡವನ ಬಳಿ ರಸೀದಿ ಇದೆ, ಅವನು ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಹಾಡು ಅಳಿಸುತ್ತಿದ್ದಾನೆ. ಅಳಿಸದಿದ್ದರೆ ನಾಳೆಯಿಂದ ಅವನೇ ಅಪರಾಧಿ. ಕಳ್ಳ ಪರವಾನಗಿ ಪತ್ರಕ್ಕೆ ಒಪ್ಪಿಗೆಯ ಗುಂಡಿ ಒತ್ತಿಲ್ಲವಾದ್ದರಿಂದ ಅವನು ಯಾವ ಷರತ್ತನ್ನೂ ಮುರಿದಂತಾಗಲಿಲ್ಲ. ಹೀಗೆ ಕೊಂಡವನೇ ಕಳ್ಳನೆಂಬ ಸಿದ್ಧಾಂತ ನಿರ್ವಿವಾದವಾಗಿ ಸಾಧಿತವಾಯಿತು.

6. ದೇಶಕಾಲ ವಿಚಾರ

ಧರ್ಮ ದೇಶಕಾಲಗಳಿಗೆ ತಕ್ಕಂತೆ ಬದಲಾಗುತ್ತದೆ. ಬ್ರಿಟನ್ನಿನಲ್ಲಿ ತಾನೇ ಕೊಂಡ ಸಿಡಿಯನ್ನು ತನ್ನದೇ ಕಂಪ್ಯೂಟರಿಗೆ ನಕಲಿಸಿಕೊಳ್ಳುವುದು 2014ರ ಅಕ್ಟೋಬರ್ 1ರಂದು ಕಾನೂನುಬದ್ಧವಾಯಿತು. ಸಂಗೀತಗಾರರ ಸಂಘಗಳು ಹೈಕೋರ್ಟಿಗೆ ಹೋದವು. 2015ರ ಜುಲೈನಲ್ಲಿ ಕೋರ್ಟು ಆ ನಿಯಮವನ್ನು ರದ್ದುಪಡಿಸಿತು. ನಿಯಮ ಬರುವ ಮುಂಚೆ ಮಾಡಿದ್ದು ಪಾಪ, ರದ್ದಾದ ಮೇಲೆ ಮಾಡಿದ್ದು ಪಾಪ. ನಡುವಿನ ಒಂಬತ್ತೂವರೆ ತಿಂಗಳಲ್ಲಿ ಮಾಡಿದ ನಕಲುಗಳ ಗತಿಯೇನೆಂಬುದನ್ನು ಕೋರ್ಟು ತೀರ್ಮಾನಿಸದೆ ಬಿಟ್ಟಿತು. ಅವು ಇಂದಿಗೂ ತ್ರಿಶಂಕು ಸ್ವರ್ಗದಲ್ಲಿ ಹಾಡುತ್ತಿವೆ.

ಭರತಖಂಡದ 1957ರ ಕೃತಿಸ್ವಾಮ್ಯ ಕಾಯ್ದೆ ಇಷ್ಟು ಕಟುವಾದದ್ದಲ್ಲ. ಹಳೆಯ ಹಾಡನ್ನು ಬೇರೆ ಗಾಯಕರಿಂದ ಹಾಡಿಸಿ ಮಾರಲು ಅದು ಅವಕಾಶ ಕೊಟ್ಟಿತ್ತು. ರಾಯಲ್ಟಿ ಕಟ್ಟಬೇಕಿತ್ತು; ಎರಡು ವರ್ಷ ಕಾಯಬೇಕೆಂಬ ಷರತ್ತೂ ಮುಂದೆ ಸೇರಿತು. ಗುಲ್ಶನ್ ಕುಮಾರರ ಟಿ-ಸೀರೀಸ್ ಈ ಬಾಗಿಲಿನಲ್ಲಿ ಹಾದು ದೊಡ್ಡದಾಯಿತು. 2012ರ ತಿದ್ದುಪಡಿ ಎರಡನ್ನು ಐದು ವರ್ಷ ಮಾಡಿ, ಕನಿಷ್ಠ 50,000 ಪ್ರತಿಗಳ ರಾಯಲ್ಟಿಯನ್ನು ಕಡ್ಡಾಯ ಮಾಡಿತು. ಐವತ್ತು ಪ್ರತಿ ಮಾರಿದರೆ ಸಾಕೆಂದು ಹೊರಟ ಬಡಗಾಯಕನೂ ಐವತ್ತು ಸಾವಿರಕ್ಕೆ ತೆರಬೇಕು. ಪ್ರಸಾರ ಕಡಿಮೆಯಿರುವ ಭಾಷೆಗೆ ಈ ಸಂಖ್ಯೆಯನ್ನು ಇಳಿಸಬಹುದೆಂದೂ ಕಾಯ್ದೆ ಹೇಳುತ್ತದೆ. ಇಳಿಸಿ ಎಂದು ಕೇಳಲು ಮೊದಲು ನಮ್ಮದು ಸಣ್ಣ ಭಾಷೆಯೆಂದು ಒಪ್ಪಬೇಕು. ನವೆಂಬರ್ ತಿಂಗಳಲ್ಲಂತೂ ಅದು ಸಾಧ್ಯವಿಲ್ಲ.

ಕಾಯ್ದೆಯ 52ನೇ ಸೆಕ್ಷನ್ ಇದಕ್ಕಿಂತ ಉದಾರ. ಧಾರ್ಮಿಕ ಸಮಾರಂಭದಲ್ಲಿ ಹಾಡು ನುಡಿಸಿದರೆ ಉಲ್ಲಂಘನೆಯಲ್ಲ. ಮದುವೆಯ ದಿಬ್ಬಣವೂ ಧಾರ್ಮಿಕ ಸಮಾರಂಭವೇ ಎಂದು ಅಲ್ಲೇ ವಿವರಣೆ ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರಕಟಣೆ ಹೊರಡಿಸಿ ಇದನ್ನು ಮತ್ತೆ ನೆನಪಿಸಬೇಕಾಯಿತು, ಏಕೆಂದರೆ ಮದುವೆ ಮನೆಗಳಿಂದ ರಾಯಲ್ಟಿ ವಸೂಲಿ ನಡೆದಿದೆಯೆಂಬ ದೂರುಗಳು ಬಂದಿದ್ದವು.

7. ಫಲಶ್ರುತಿ ಮತ್ತು ಪರವಾನಗಿ

ಈ ಪ್ರಬಂಧವನ್ನು ಕೊಂಡವರು ಒಬ್ಬರೇ, ಮನಸ್ಸಿನಲ್ಲೇ ಓದತಕ್ಕದ್ದು. ಪತ್ರಿಕೆ ಕಳುವಾದರೆ ನೆನಪಿನಲ್ಲಿ ಉಳಿದ ವಾಕ್ಯಗಳನ್ನು ಅಂದೇ ಮರೆಯತಕ್ಕದ್ದು. ಪುಟದ ಅಂಚಿನಲ್ಲಿ ಮಾರ್ಕರಿನಿಂದ ಗೆರೆ ಎಳೆಯಕೂಡದು. ಓದಿ ತಲೆನೋವು ಬಂದವರಿಗೆ ಐದು ಡಾಲರ್ ಪರಿಹಾರವುಂಟು. ಅದನ್ನು ಇದೇ ಪ್ರಬಂಧದ ಪ್ರತಿಗಳ ರೂಪದಲ್ಲಿ, ನಾವು ಕಟ್ಟಿದ ಬೆಲೆಗೆ, ಕೊಡಲಾಗುವುದು. ಕದ್ದು ಓದುವವರಿಗೆ ಯಾವ ಷರತ್ತೂ ಇಲ್ಲ. ಮದುವೆ ದಿಬ್ಬಣದಲ್ಲಿ ಗಟ್ಟಿಯಾಗಿ ಓದಲು ನಮ್ಮ ಅಡ್ಡಿಯಿಲ್ಲ. ಬ್ಯಾಂಡ್‌ಸೆಟ್ಟಿನವರು ಒಪ್ಪಬೇಕು, ಅಷ್ಟೇ.